ನರ್ಸಿಂಗ್ ವಿದ್ಯಾರ್ಥಿಗೆ ಪ್ಯಾಥೋಫಿಸಿಯಾಲಜಿ ಪುಸ್ತಕ: ಆರಿಸುವ ಬಗೆ, ಓದುವ ಬಗೆ

ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ಬೆಳಗ್ಗೆ ವಾರ್ಡಿನಲ್ಲಿ ವಯಸ್ಸಾದ ರೋಗಿಯೊಬ್ಬರ ಕಾಲು ಊದಿಕೊಂಡಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ಬೆರಳು ತೆಗೆದ ಮೇಲೂ ಹಾಗೇ ಉಳಿಯಿತು. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್, "ಯಾಕಮ್ಮ ಊದಿದೆ?" ಎಂದು ಕೇಳಿದರು. "ಹಾರ್ಟ್ ಫೇಲ್ಯೂರ್, ಸಿಸ್ಟರ್" ಎಂದೆ. "ಅದು ಕಾಯಿಲೆಯ ಹೆಸರಾಯಿತು. ಹೃದಯ ಇರುವುದು ಎದೆಯಲ್ಲಿ. ನೀರು ಕಾಲಿಗೆ ಹೇಗೆ ಬಂತು, ಅದನ್ನು ಹೇಳು."

ನನ್ನ ಬಳಿ ಉತ್ತರ ಇರಲಿಲ್ಲ. ಆ ಅಧ್ಯಾಯವನ್ನು ಎರಡು ಸಲ ಓದಿದ್ದೆ, ಪುಟದ ಅರ್ಧಕ್ಕೆ ಹಳದಿ ಬಣ್ಣ ಬಳಿದಿದ್ದೆ, ಲಕ್ಷಣಗಳ ಪಟ್ಟಿ ಬಾಯಿಪಾಠವಾಗಿತ್ತು. ಆದರೆ ಒಂದು ಲಕ್ಷಣಕ್ಕೂ ಇನ್ನೊಂದಕ್ಕೂ ನಡುವೆ ಏನಾಗುತ್ತದೆ ಎಂಬುದನ್ನು ಓದಿರಲಿಲ್ಲ. ಪ್ಯಾಥೋಫಿಸಿಯಾಲಜಿ ಎಂದರೆ ಆ 'ನಡುವೆ ಆಗುವುದು' ಎಂದು ತಿಳಿಯಲು ನನಗೆ ಮತ್ತೊಂದು ವರ್ಷ ಬೇಕಾಯಿತು. ಈಗ ವಿದ್ಯಾರ್ಥಿಗಳು "ಯಾವ ಪುಸ್ತಕ ತೆಗೆದುಕೊಳ್ಳಲಿ?" ಎಂದು ಕೇಳಿದಾಗಲೆಲ್ಲ ಆ ಗುಳಿಬಿದ್ದ ಕಾಲು ನೆನಪಾಗುತ್ತದೆ. ಈ ಬರಹವೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ.

ಮೊದಲ ಹೆಜ್ಜೆ: ಯಾವ ಪುಸ್ತಕ ಯಾವ ಕೆಲಸಕ್ಕೆ ಎಂದು ಬೇರ್ಪಡಿಸಿಕೊಳ್ಳಿ

ಹೆಸರು ಹತ್ತಿರ ಹತ್ತಿರ ಇರುವುದರಿಂದ ಬಹಳ ಜನ ಪ್ಯಾಥಾಲಜಿ ಪುಸ್ತಕವನ್ನೇ ಪ್ಯಾಥೋಫಿಸಿಯಾಲಜಿ ಪುಸ್ತಕ ಎಂದು ತೆಗೆದುಕೊಂಡುಬಿಡುತ್ತಾರೆ. ಪ್ಯಾಥಾಲಜಿಯ ಒತ್ತು ಅಂಗಾಂಶದಲ್ಲಿ ಏನು ಬದಲಾಗಿದೆ ಎಂಬುದರ ಮೇಲೆ: ಸೂಕ್ಷ್ಮದರ್ಶಕದಡಿ ಯಕೃತ್ತು ಹೇಗೆ ಕಾಣುತ್ತದೆ, ಗೆಡ್ಡೆಯ ಜೀವಕೋಶಗಳು ಹೇಗಿವೆ. ಪ್ಯಾಥೋಫಿಸಿಯಾಲಜಿಯ ಒತ್ತು ಕೆಲಸದ ಮೇಲೆ: ಆ ಯಕೃತ್ತು ಇನ್ನು ಏನನ್ನು ಮಾಡಲಾರದು, ಮಾಡದಿದ್ದರೆ ದೇಹದಲ್ಲಿ ಏನೇನು ಏರುಪೇರಾಗುತ್ತದೆ, ಹಾಸಿಗೆಯ ಪಕ್ಕ ನಿಂತವರಿಗೆ ಅದು ಹೇಗೆ ಕಾಣಿಸುತ್ತದೆ. ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಪುಸ್ತಕ ಏನು ಮಾಡಬೇಕೆಂದು ಹೇಳುತ್ತದೆ, ಫಾರ್ಮಕಾಲಜಿ ಪುಸ್ತಕ ಔಷಧಿ ಎಲ್ಲಿ ಕೆಲಸ ಮಾಡುತ್ತದೆ ಎಂದು ಹೇಳುತ್ತದೆ. ಪ್ಯಾಥೋಫಿಸಿಯಾಲಜಿ ಇವೆರಡಕ್ಕೂ ಕಾರಣ ಒದಗಿಸುತ್ತದೆ.

ವೈದ್ಯ ವಿದ್ಯಾರ್ಥಿಗಳಿಗಾಗಿ ಬರೆದ ದೊಡ್ಡ ಪ್ಯಾಥಾಲಜಿ ಗ್ರಂಥ ಕೆಟ್ಟದ್ದೇನಲ್ಲ. ಆದರೆ ಅದರ ಪುಟಗಳ ಬಹುಪಾಲು ನಿಮ್ಮ ಕೆಲಸಕ್ಕೆ ಬರುವುದಿಲ್ಲ, ನಿಮಗೆ ಬೇಕಾದ 'ಲಕ್ಷಣ ಯಾಕೆ ಬಂತು' ಎಂಬ ಭಾಗ ಅಲ್ಲಿ ತೆಳ್ಳಗಿರುತ್ತದೆ.

ಎರಡನೇ ಹೆಜ್ಜೆ: ಕೊಳ್ಳುವ ಮೊದಲು ಶರೀರಕ್ರಿಯೆಯನ್ನು ಪರೀಕ್ಷಿಸಿಕೊಳ್ಳಿ

ಆರೋಗ್ಯವಾಗಿರುವ ದೇಹ ಹೇಗೆ ನಡೆಯುತ್ತದೆಂದು ತಿಳಿಯದಿದ್ದರೆ, ಕೆಟ್ಟಾಗ ಏನಾಯಿತೆಂದು ತಿಳಿಯುವುದಿಲ್ಲ. ಪುಸ್ತಕ ಕಷ್ಟ ಎಂದು ಕೈಬಿಡುವವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಕಷ್ಟವಾಗಿರುವುದು ಹಿಂದಿನ ವರ್ಷದ ಫಿಸಿಯಾಲಜಿ. ಒಂದು ಖಾಲಿ ಹಾಳೆ ತೆಗೆದುಕೊಂಡು ಇವುಗಳಿಗೆ ನೋಡದೆ ಉತ್ತರ ಬರೆಯಿರಿ: ಸೋಡಿಯಂ-ಪೊಟ್ಯಾಸಿಯಂ ಪಂಪ್ ಯಾವುದನ್ನು ಒಳಗೆ ತರುತ್ತದೆ, ಯಾವುದನ್ನು ಹೊರಗೆ ಹಾಕುತ್ತದೆ? ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತದ ಪ್ರಮಾಣ ಯಾವ ಎರಡು ಸಂಗತಿಗಳ ಗುಣಲಬ್ಧ? ರಕ್ತದೊತ್ತಡ ಇಳಿದರೆ ಕಿಡ್ನಿ ಏನನ್ನು ಸ್ರವಿಸುತ್ತದೆ? ಕ್ಯಾಪಿಲರಿಯಿಂದ (ಅತಿ ಸಣ್ಣ ರಕ್ತನಾಳದಿಂದ) ನೀರನ್ನು ಹೊರತಳ್ಳುವ ಬಲ ಯಾವುದು, ಒಳಗೆ ಹಿಡಿದಿಡುವ ಬಲ ಯಾವುದು? ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ರಕ್ತದ ಪಿಎಚ್ ಏರುತ್ತದೆಯೋ ಇಳಿಯುತ್ತದೆಯೋ?

ಐದರಲ್ಲಿ ಮೂರಕ್ಕೆ ತಡವರಿಸಿದರೆ ಹೊಸ ಪುಸ್ತಕಕ್ಕೆ ಮೊದಲು ಹಳೆಯ ಫಿಸಿಯಾಲಜಿ ಪುಸ್ತಕಕ್ಕೆ ಎರಡು ವಾರ ಕೊಡಿ. ಜೀವಕೋಶದ ಪೊರೆ, ಹೃದಯ, ಕಿಡ್ನಿ, ಶ್ವಾಸಕೋಶ, ಹಾರ್ಮೋನುಗಳ ಹಿಂಮಾಹಿತಿ (ಫೀಡ್‌ಬ್ಯಾಕ್), ಇಷ್ಟು ಸಾಕು. ಓಪನ್‌ಸ್ಟ್ಯಾಕ್ಸ್ ಸಂಸ್ಥೆ ಅನಾಟಮಿ ಮತ್ತು ಫಿಸಿಯಾಲಜಿ ಪಠ್ಯವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತದೆ, ಹಾಗಾಗಿ ಇದಕ್ಕೆಂದೇ ಹಣ ಖರ್ಚು ಮಾಡಬೇಕಿಲ್ಲ.

ಮೂರನೇ ಹೆಜ್ಜೆ: ಗಾತ್ರ

ಈ ವಿಷಯದ ಪುಸ್ತಕಗಳು ಎರಡು ಬಗೆ. ಸಾವಿರ ಪುಟ ದಾಟುವ ಸಮಗ್ರ ಗ್ರಂಥಗಳು ಒಂದು, ಅದನ್ನೇ ಅರ್ಧಕ್ಕೆ ಇಳಿಸಿದ ಸಂಕ್ಷಿಪ್ತ ಪಠ್ಯಗಳು ಇನ್ನೊಂದು. ಇವಲ್ಲದೆ ಪರೀಕ್ಷೆಗೆಂದು ಬರೆದ ಪ್ರಶ್ನೋತ್ತರ ಗೈಡುಗಳಿವೆ. ಅವು ಪುಸ್ತಕದ ಜಾಗ ತುಂಬಲಾರವು, ಕೊಂಡಿಗಳನ್ನು ಕತ್ತರಿಸಿ ತುದಿಗಳನ್ನು ಮಾತ್ರ ಕೊಡುತ್ತವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಪದವಿ ವಿದ್ಯಾರ್ಥಿಗೆ ಮೇಜಿನ ಮೇಲಿರಬೇಕಾದ್ದು ಸಂಕ್ಷಿಪ್ತ ಪಠ್ಯ, ಲೈಬ್ರರಿಯಲ್ಲಿ ಸಿಗಬೇಕಾದ್ದು ಸಮಗ್ರ ಗ್ರಂಥ. ದೊಡ್ಡದನ್ನು ಕೊಂಡವರು ಮೊದಲ ಮೂರು ಅಧ್ಯಾಯ ಶ್ರದ್ಧೆಯಿಂದ ಓದಿ ಆಮೇಲೆ ಅದರ ಭಾರಕ್ಕೇ ಸೋತು ನೋಟ್ಸ್‌ಗೆ ಮರಳುವುದನ್ನು ಬಹಳ ನೋಡಿದ್ದೇನೆ. ಮುಂದೆ ಐಸಿಯು ಅಥವಾ ಸ್ನಾತಕೋತ್ತರ ಓದಿನ ಕಡೆ ಹೋಗುವ ನಿರ್ಧಾರ ಗಟ್ಟಿಯಾಗಿದ್ದರೆ ಮಾತ್ರ ದೊಡ್ಡದನ್ನೇ ಕೊಳ್ಳಿ.

ನಾಲ್ಕನೇ ಹೆಜ್ಜೆ: ಮೂರು ಪುಟಗಳ ಪರೀಕ್ಷೆ

ಮುಖಪುಟ, ಬಣ್ಣದ ಚಿತ್ರ, ಸೀನಿಯರ್‌ಗಳ ಶಿಫಾರಸು ಇವುಗಳಿಗಿಂತ ಇದು ಹೆಚ್ಚು ನಂಬಬಹುದಾದ ದಾರಿ. ಎರಡು ಮೂರು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೊನೆಯಲ್ಲಿರುವ ಪದಸೂಚಿಯಿಂದ ಮೂರು ವಿಷಯ ಹುಡುಕಿ. ಪ್ರತಿಯೊಂದನ್ನೂ ಎಲ್ಲ ಪುಸ್ತಕಗಳಲ್ಲೂ ಓದಿ ಹೋಲಿಸಿ.

ಒಂದು, ಊತ. ಪುಸ್ತಕ ಊತ ಎಂದರೆ ಅಂಗಾಂಶದಲ್ಲಿ ನೀರು ತುಂಬುವುದು ಎಂದು ಹೇಳಿ ಕಾಯಿಲೆಗಳ ಪಟ್ಟಿ ಕೊಟ್ಟು ಮುಗಿಸಿದರೆ ಅದನ್ನು ಕೆಳಗಿಡಿ. ಒಳ್ಳೆಯ ಪುಸ್ತಕ ನಾಲ್ಕು ದಾರಿ ತೋರಿಸುತ್ತದೆ. ಕ್ಯಾಪಿಲರಿಯೊಳಗಿನ ಒತ್ತಡ ಹೆಚ್ಚಿ ನೀರು ಹೊರಬರಬಹುದು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗಿ ನೀರನ್ನು ಹಿಡಿದಿಡುವವರೇ ಇಲ್ಲವಾಗಬಹುದು. ಉರಿಯೂತದಲ್ಲೋ ಸುಟ್ಟಗಾಯದಲ್ಲೋ ಕ್ಯಾಪಿಲರಿಯ ಗೋಡೆಯೇ ಸೋರಬಹುದು. ದುಗ್ಧನಾಳಗಳು (ಲಿಂಫ್ ನಾಳಗಳು) ಮುಚ್ಚಿಹೋಗಿ ನೀರು ಹಿಂದಿರುಗಲು ದಾರಿ ಇಲ್ಲವಾಗಬಹುದು.

ಎರಡು, ಡಯಾಬಿಟಿಕ್ ಕೀಟೋಅಸಿಡೋಸಿಸ್‌ನಲ್ಲಿ (ಮಧುಮೇಹಿಗಳಲ್ಲಿ ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಪೊಟ್ಯಾಸಿಯಂ. ಇದು ಪುಸ್ತಕದ ಆಳವನ್ನು ತೋರಿಸುವ ಪ್ರಶ್ನೆ. ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಸಹಜವಾಗಿಯೋ ಹೆಚ್ಚಾಗಿಯೋ ಕಾಣುತ್ತದೆ. ಆದರೂ ಇಡೀ ದೇಹದ ಲೆಕ್ಕದಲ್ಲಿ ಅದು ಕೊರತೆಯಲ್ಲಿರುತ್ತದೆ. ಇನ್ಸುಲಿನ್ ಇಲ್ಲದೆ, ಗ್ಲೂಕೋಸಿನಿಂದ ರಕ್ತದ ಸಾಂದ್ರತೆ ಏರಿ, ಆಮ್ಲತೆಯೂ ಸೇರಿ ಪೊಟ್ಯಾಸಿಯಂ ಜೀವಕೋಶಗಳಿಂದ ರಕ್ತಕ್ಕೆ ಜಾರಿರುತ್ತದೆ, ಅಲ್ಲಿಂದ ಮೂತ್ರದಲ್ಲಿ ಹೋಗುತ್ತಿರುತ್ತದೆ. ಇನ್ಸುಲಿನ್ ಕೊಟ್ಟ ಕೂಡಲೇ ಅದು ಮತ್ತೆ ಒಳಗೆ ನುಗ್ಗುತ್ತದೆ, ರಕ್ತದಲ್ಲಿ ಮಟ್ಟ ಕುಸಿಯುತ್ತದೆ, ಹೃದಯದ ಲಯ ತಪ್ಪುವ ಅಪಾಯ ಬರುತ್ತದೆ. ಇಷ್ಟನ್ನೂ ಪುಸ್ತಕ ವಿವರಿಸಿದೆಯೇ, ಅಥವಾ "ಪೊಟ್ಯಾಸಿಯಂ ಗಮನಿಸಿ" ಎಂದಷ್ಟೇ ಬರೆದಿದೆಯೇ?

ಮೂರು, ಸೆಪ್ಸಿಸ್. ಇದು ಪುಸ್ತಕದ ವಯಸ್ಸನ್ನು ಹೇಳುತ್ತದೆ. ಮುಂದಿನ ಹೆಜ್ಜೆಯಲ್ಲಿ ನೋಡೋಣ.

ಓದುವಾಗ ಭಾಷೆಯನ್ನೂ ಗಮನಿಸಿ. ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಹೇಳಲು ಆಗುತ್ತದೆಯೇ? ಮೂರು ಸಲ ಓದಿದರೂ ಆಗದಿದ್ದರೆ, ಆ ಪುಸ್ತಕ ಎಷ್ಟೇ ಪ್ರಸಿದ್ಧವಾಗಿದ್ದರೂ ಸದ್ಯಕ್ಕೆ ನಿಮ್ಮದಲ್ಲ.

ಐದನೇ ಹೆಜ್ಜೆ: ಆವೃತ್ತಿ ಎಷ್ಟು ಹಳೆಯದಾದರೆ ನಡೆಯುತ್ತದೆ

ಸೆಕೆಂಡ್‌ಹ್ಯಾಂಡ್ ಪುಸ್ತಕ ಕೊಳ್ಳುವವರಿಗೆ ಈ ಭಾಗ ಮುಖ್ಯ. ಪುಸ್ತಕದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಜೀವಕೋಶಕ್ಕೆ ಆಮ್ಲಜನಕ ಸಿಗದಿದ್ದರೆ ಏನಾಗುತ್ತದೆ, ಉರಿಯೂತದ ಮೆಟ್ಟಿಲುಗಳು, ಆಮ್ಲ-ಕ್ಷಾರ ಸಮತೋಲನ, ದ್ರವಗಳ ಚಲನೆ ಇವು ಹತ್ತು ವರ್ಷ ಹಳೆಯ ಪುಸ್ತಕದಲ್ಲೂ ಬಹುಮಟ್ಟಿಗೆ ಸರಿಯಾಗೇ ಇರುತ್ತವೆ. ಬೇಗ ಹಳತಾಗುವುದು ವ್ಯಾಖ್ಯೆಗಳು, ಹಂತಗಳ ವಿಂಗಡಣೆ, ಚಿಕಿತ್ಸೆ, ಕ್ಯಾನ್ಸರ್ ಮತ್ತು ರೋಗನಿರೋಧಕ ವಿಜ್ಞಾನ.

ಹಾಗಾಗಿ ವರ್ಷ ನೋಡುವುದಕ್ಕಿಂತ ಒಳಗೆ ನೋಡಿ. 2016ರಲ್ಲಿ ಸೆಪ್ಸಿಸ್‌ನ ವ್ಯಾಖ್ಯೆ ಬದಲಾಯಿತು: ಸೋಂಕಿಗೆ ದೇಹವೇ ಹತೋಟಿ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳ ಕೆಲಸ ಪ್ರಾಣಾಪಾಯ ತರುವಷ್ಟು ಕೆಡುವುದು ಸೆಪ್ಸಿಸ್. ಅದಕ್ಕೂ ಮೊದಲು ಜ್ವರ, ನಾಡಿ, ಉಸಿರಿನ ವೇಗ, ಬಿಳಿ ರಕ್ತಕಣ ಇವುಗಳಲ್ಲಿ ಎರಡಾದರೂ ಏರುಪೇರಾಗಿ ಸೋಂಕಿನ ಶಂಕೆ ಇದ್ದರೆ ಸೆಪ್ಸಿಸ್ ಎನ್ನುತ್ತಿದ್ದರು. ಪುಸ್ತಕದಲ್ಲಿ ಹಳೆಯದು ಮಾತ್ರ ಇದ್ದರೆ ಅದರ ಚಿಕಿತ್ಸೆಯ ಭಾಗಗಳನ್ನು ಅನುಮಾನದಿಂದಲೇ ಓದಬೇಕಾಗುತ್ತದೆ. ಇನ್ನೊಂದು ಗುರುತು ಕಿಡ್ನಿ ಅಧ್ಯಾಯದಲ್ಲಿದೆ: 2012ರ ನಂತರ ದೀರ್ಘಕಾಲದ ಕಿಡ್ನಿ ಕಾಯಿಲೆಯನ್ನು, ಕಿಡ್ನಿ ರಕ್ತವನ್ನು ಸೋಸುವ ಪ್ರಮಾಣದ ಜೊತೆಗೆ ಮೂತ್ರದಲ್ಲಿ ಹೋಗುವ ಆಲ್ಬುಮಿನ್‌ನಿಂದಲೂ ವರ್ಗೀಕರಿಸಲಾಗುತ್ತದೆ. ಹೃದಯ ವೈಫಲ್ಯದಲ್ಲಿ ಇಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಹೃದಯದ ಕೋಣೆಯಿಂದ ಹೊರಹೋಗುವ ರಕ್ತದ ಪಾಲು) ಶೇ 40 ಅಥವಾ ಕಡಿಮೆ, 41ರಿಂದ 49, 50 ಅಥವಾ ಹೆಚ್ಚು ಎಂಬ ಮೂರು ಗುಂಪುಗಳಿವೆಯೇ ನೋಡಿ.

ರಕ್ತದೊತ್ತಡದ ವಿಚಾರದಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ 130/80 ಮುಟ್ಟಿದರೇ ಅಧಿಕ ರಕ್ತದೊತ್ತಡ ಎಂದವು, ಯುರೋಪಿನವರು 140/90ರಲ್ಲೇ ಉಳಿದರು. ಎರಡು ಪುಸ್ತಕಗಳಲ್ಲಿ ಎರಡು ಅಂಕಿ ಕಂಡರೆ ಒಂದು ತಪ್ಪಾಗಿ ಮುದ್ರಣವಾಗಿದೆ ಎಂದಲ್ಲ. ಅಂಕಿ ಯಾರ ಮಾರ್ಗಸೂಚಿಯದು ಎಂದು ಕೇಳಿಕೊಳ್ಳಿ, ನಿಮ್ಮ ತರಗತಿಯಲ್ಲಿ ಯಾವುದನ್ನು ಹಿಡಿಯುತ್ತಾರೆಂದು ಮಾರ್ಜಿನ್‌ನಲ್ಲಿ ಬರೆದಿಡಿ.

ಅಳತೆಯ ಘಟಕಗಳನ್ನೂ ನೋಡಿ. ಕೆಲವು ಪುಸ್ತಕಗಳು ರಕ್ತದ ಗ್ಲೂಕೋಸನ್ನು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುತ್ತವೆ, ಕೆಲವು ಲೀಟರಿಗೆ ಮಿಲಿಮೋಲ್‌ನಲ್ಲಿ. ಗ್ಲೂಕೋಸಿಗೆ ಮಿಲಿಮೋಲ್ ಅಂಕಿಯನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಅಂಕಿ ಸಿಗುತ್ತದೆ, ಅಂದರೆ 10 ಎಂದರೆ 180. ನಿಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಬರುವ ಘಟಕವೇ ಪುಸ್ತಕದಲ್ಲೂ ಇದ್ದರೆ ಪ್ರತಿದಿನದ ಒಂದು ಗೊಂದಲ ತಪ್ಪುತ್ತದೆ.

ಮುದ್ರಿತವೋ ಇ-ಪುಸ್ತಕವೋ ಎಂಬುದು ನಿಮ್ಮ ಅನುಕೂಲ. ಹುಡುಕಲು ಇ-ಪುಸ್ತಕ ಸಲೀಸು, ಮಾರ್ಜಿನ್‌ನಲ್ಲಿ ಬಾಣ ಎಳೆಯಲು ಕಾಗದ.

ಆರನೇ ಹೆಜ್ಜೆ: ಮೊದಲ ಒಂದು ಗಂಟೆ

ಪುಸ್ತಕ ಕೈಗೆ ಬಂದ ದಿನ ಓದಲು ಕೂರಬೇಡಿ, ಪರಿಚಯ ಮಾಡಿಕೊಳ್ಳಿ. ವಿಷಯಸೂಚಿ ಪೂರ್ತಿ ನೋಡಿ. ಇಂಥ ಪುಸ್ತಕಗಳು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತವೆ. ಮೊದಲ ಭಾಗ ಎಲ್ಲ ಕಾಯಿಲೆಗಳಿಗೂ ಸಾಮಾನ್ಯವಾದದ್ದು: ಜೀವಕೋಶಕ್ಕೆ ಪೆಟ್ಟು, ಉರಿಯೂತ ಮತ್ತು ಗಾಯ ಮಾಯುವುದು, ರೋಗನಿರೋಧಕ ಶಕ್ತಿ, ಅನುವಂಶೀಯತೆ, ಗೆಡ್ಡೆಗಳು, ದ್ರವ-ಲವಣ-ಆಮ್ಲ. ಎರಡನೆಯದು ಅಂಗವ್ಯವಸ್ಥೆಗಳು.

ಮೊದಲ ಭಾಗವನ್ನು ಹಾರಿಸಿ ನೇರ ಹೃದಯಕ್ಕೋ ಶ್ವಾಸಕೋಶಕ್ಕೋ ಹೋಗುವುದು ಎಲ್ಲರೂ ಮಾಡುವ ತಪ್ಪು. ಜರ್ಮನಿಯ ರುಡಾಲ್ಫ್ ವಿರ್ಕೋ 1858ರಲ್ಲಿ ರೋಗದ ಬೇರು ಜೀವಕೋಶದಲ್ಲಿದೆ ಎಂದು ವಿಸ್ತಾರವಾಗಿ ಪ್ರತಿಪಾದಿಸಿದರು. ಈ ಪುಸ್ತಕಗಳು ಇಂದಿಗೂ ಜೀವಕೋಶದಿಂದಲೇ ಶುರುವಾಗುವುದಕ್ಕೆ ಆ ತಿಳಿವಳಿಕೆಯೇ ಆಧಾರ. ಮೊದಲ ಭಾಗವನ್ನು ಒಮ್ಮೆ ಸಾಲಾಗಿ, ನಿಧಾನವಾಗಿ, ಪೂರ್ತಿ ಓದಿ. ಉರಿಯೂತ ಚೆನ್ನಾಗಿ ತಿಳಿದವರಿಗೆ ನ್ಯುಮೋನಿಯಾ, ಅಪೆಂಡಿಸೈಟಿಸ್, ಸಂಧಿವಾತ ಮೂರಕ್ಕೂ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಎರಡನೇ ಭಾಗವನ್ನು ಸಾಲಾಗಿ ಓದಬೇಕಿಲ್ಲ, ಪಾಠ ನಡೆದಂತೆ, ರೋಗಿ ಸಿಕ್ಕಂತೆ ಓದಿ.

ಇದೇ ಗಂಟೆಯಲ್ಲಿ ಪದಗಳ ತುಂಡುಗಳನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಅಂಟಿಸಿ. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ, ಐಟಿಸ್ ಎಂದರೆ ಉರಿಯೂತ, ಈಮಿಯಾ ಎಂದರೆ ರಕ್ತದಲ್ಲಿ, ಯೂರಿಯಾ ಎಂದು ಕೊನೆಯಾದರೆ ಮೂತ್ರದಲ್ಲಿ. ಪೊಟ್ಯಾಸಿಯಂನ ಲ್ಯಾಟಿನ್ ಹೆಸರು ಕೇಲಿಯಂ, ಆದ್ದರಿಂದ ಹೈಪೊಕೆಲೀಮಿಯಾ ಎಂದರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಇಪ್ಪತ್ತು ತುಂಡುಗಳು ಗೊತ್ತಿದ್ದರೆ ನೂರಾರು ಪದಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ಏಳನೇ ಹೆಜ್ಜೆ: ಬಾಣಗಳಿಂದ ಓದುವುದು

ಒಂದು ಅಧ್ಯಾಯವನ್ನು ಮೂರು ಸುತ್ತಿನಲ್ಲಿ ಓದಿ. ಮೊದಲ ಸುತ್ತು ಹತ್ತು ನಿಮಿಷ: ತಲೆಬರಹ, ಚಿತ್ರ, ಚೌಕಟ್ಟುಗಳು. ಎರಡನೆಯದು ಪೂರ್ತಿ ಓದು, ಕೈಯಲ್ಲಿ ಪೆನ್ಸಿಲ್ ಮಾತ್ರ, ಬಣ್ಣದ ಪೆನ್ ಬೇಡ. ಬಣ್ಣ ಬಳಿಯುವಾಗ ಕೆಲಸ ಮಾಡುತ್ತಿದ್ದೇವೆ ಎನ್ನಿಸುತ್ತದೆ, ತಲೆಗೆ ಏನೂ ಇಳಿದಿರುವುದಿಲ್ಲ. ನನ್ನ ಹಳದಿ ಪುಟಗಳು ಅದಕ್ಕೆ ಸಾಕ್ಷಿ. ಮೂರನೇ ಸುತ್ತಿನಲ್ಲಿ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬಾಣಗಳ ಸರಪಳಿ ಬರೆಯಿರಿ. ನಿಜವಾದ ಓದು ಈ ಮೂರನೆಯದೇ.

ಸರಪಳಿಗೆ ಒಂದೇ ನಿಯಮ: ಪ್ರತಿ ಬಾಣದ ಮೇಲೆ 'ಯಾಕೆ' ಎಂದು ಬೆರಳಿಟ್ಟರೆ ಉತ್ತರ ಬರಬೇಕು. ಆ ಹಿರಿಯ ಸಿಸ್ಟರ್ ಕೇಳಿದ ಪ್ರಶ್ನೆಯನ್ನೇ ಬಿಡಿಸೋಣ.

ಹೃದಯದ ಪಂಪ್ ಬಲ ಕುಂದಿದೆ → ಹೊರಹೋಗುವ ರಕ್ತ ಕಡಿಮೆ → ಕಿಡ್ನಿಗೆ ಹರಿಯುವ ರಕ್ತ ಕಡಿಮೆ → ದೇಹದಲ್ಲಿ ರಕ್ತವೇ ಕಡಿಮೆಯಾಗಿದೆಯೆಂಬಂತೆ ಕಿಡ್ನಿ ರೆನಿನ್ ಎಂಬ ಕಿಣ್ವವನ್ನು ಸ್ರವಿಸುತ್ತದೆ → ಆಂಜಿಯೋಟೆನ್ಸಿನ್ 1 → ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಎಸಿಇ ಕಿಣ್ವದಿಂದ ಆಂಜಿಯೋಟೆನ್ಸಿನ್ 2 → ರಕ್ತನಾಳಗಳು ಬಿಗಿಯಾಗುತ್ತವೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಹಾರ್ಮೋನ್ ಬರುತ್ತದೆ → ಉಪ್ಪು ಮತ್ತು ನೀರು ದೇಹದಲ್ಲೇ ಉಳಿಯುತ್ತವೆ → ದುರ್ಬಲ ಹೃದಯಕ್ಕೆ ಇನ್ನಷ್ಟು ರಕ್ತದ ಹೊರೆ → ಮುಂದೆ ಹೋಗದ ರಕ್ತ ಹಿಂದೆ ಒತ್ತುತ್ತದೆ.

ಇಲ್ಲಿಂದ ಸರಪಳಿ ಕವಲೊಡೆಯುತ್ತದೆ. ಎಡಭಾಗ ಸೋತಿದ್ದರೆ ಒತ್ತಡ ಶ್ವಾಸಕೋಶದ ಕಡೆ: ಏದುಸಿರು, ಸ್ಟೆತಸ್ಕೋಪಿನಲ್ಲಿ ಕೇಳುವ ಕ್ರ್ಯಾಕಲ್ಸ್ (ಚಟಪಟ ಸದ್ದು), ಮಲಗಿದರೆ ಉಸಿರಾಡಲಾಗದಿರುವುದು. ಬಲಭಾಗ ಸೋತಿದ್ದರೆ ಒತ್ತಡ ದೇಹದ ಅಭಿಧಮನಿಗಳ ಕಡೆ: ಉಬ್ಬಿದ ಕತ್ತಿನ ಅಭಿಧಮನಿ, ದೊಡ್ಡದಾದ ಯಕೃತ್ತು, ಗುರುತ್ವದಿಂದಾಗಿ ಮೊದಲು ಊದುವ ಕಾಲು. ನೀರು ಕಾಲಿಗೆ ಬಂದದ್ದು ಹೀಗೆ.

ಈ ಸರಪಳಿಯಲ್ಲಿ ಒಂದು ಸಂಗತಿ ಗಮನಿಸಿ. ಕಿಡ್ನಿ ಇಲ್ಲಿ ಕೆಟ್ಟಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿದೆ. ರಕ್ತಸ್ರಾವ ಆಗಿದ್ದರೆ ಇದೇ ಪ್ರತಿಕ್ರಿಯೆ ಜೀವ ಉಳಿಸುತ್ತಿತ್ತು. ರೋಗಿಯಲ್ಲಿ ಕಾಣುವ ಎಷ್ಟೋ ಲಕ್ಷಣಗಳು ರೋಗದವಲ್ಲ, ರೋಗವನ್ನು ಸರಿದೂಗಿಸಲು ದೇಹ ಪಡುವ ಪ್ರಯತ್ನದವು. ಇವೆರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ಬಣ್ಣದ ಪೆನ್ ಬೇಕಾಗುವುದು ಇಲ್ಲಿ. ರಕ್ತಸ್ರಾವದಲ್ಲಿ ದೇಹದ ರಕ್ತದ ಸುಮಾರು ಶೇ 30ರವರೆಗೆ ಹೋದರೂ ಸಿಸ್ಟೋಲಿಕ್ ಒತ್ತಡ (ಬಿಪಿಯ ಮೇಲಿನ ಅಂಕಿ) ಹೆಚ್ಚು ಇಳಿಯದೇ ಇರಬಹುದು, ಏಕೆಂದರೆ ನಾಡಿ ವೇಗವಾಗಿ, ರಕ್ತನಾಳಗಳು ಬಿಗಿದು ಅದನ್ನು ಎತ್ತಿ ಹಿಡಿದಿರುತ್ತವೆ. ಸರಪಳಿ ಗೊತ್ತಿದ್ದ ನರ್ಸ್ ಬಿಪಿ ಇಳಿಯುವವರೆಗೆ ಕಾಯುವುದಿಲ್ಲ. ಏರುತ್ತಿರುವ ನಾಡಿ, ತಣ್ಣಗಾದ ಕೈ, ಕಡಿಮೆಯಾದ ಮೂತ್ರ, ಚಡಪಡಿಕೆ ಕಂಡಾಗಲೇ ವೈದ್ಯರಿಗೆ ಹೇಳುತ್ತಾಳೆ.

ಸರಪಳಿಯ ಕೆಳಗೆ ಎರಡು ಸಾಲು ಸೇರಿಸಿ. ಒಂದರಲ್ಲಿ ಔಷಧಿ ಯಾವ ಬಾಣವನ್ನು ಮುರಿಯುತ್ತದೆ ಎಂದು ಬರೆಯಿರಿ. ಎಸಿಇ ತಡೆಯುವ ಔಷಧಿ ಎಲ್ಲಿ ಕೂರುತ್ತದೆಂದು ಮೇಲಿನ ಸರಪಳಿಯಲ್ಲೇ ಕಾಣುತ್ತದೆ. ಅದೇ ಕಿಣ್ವ ಬ್ರ್ಯಾಡಿಕೈನಿನ್ ಎಂಬುದನ್ನೂ ಒಡೆಯುತ್ತದೆ, ಅದು ಒಡೆಯದೆ ಉಳಿಯುವುದರಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಇನ್ನೊಂದು ಸಾಲಿನಲ್ಲಿ ನೀವು ಏನು ಗಮನಿಸಬೇಕು, ಏನು ಮಾಡಬೇಕು ಎಂದು ಬರೆಯಿರಿ. ದೇಹದಲ್ಲಿ ಉಳಿದ ಒಂದು ಲೀಟರ್ ನೀರು ತೂಕದಲ್ಲಿ ಸುಮಾರು ಒಂದು ಕಿಲೋ. ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ ನೋಡಬೇಕು ಎಂಬ ಸೂಚನೆ ಆಗ ಬರಿಯ ವಾಡಿಕೆಯಾಗಿ ಉಳಿಯುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಸರಪಳಿಯನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಪಾರಿಭಾಷಿಕ ಪದ ಹಾಗೇ ಇರಲಿ, ವಾಕ್ಯ ನಿಮ್ಮದಾಗಿರಲಿ. ಪುಸ್ತಕದ ವಾಕ್ಯವನ್ನು ಹಾಗೇ ಒಪ್ಪಿಸುವಾಗ ಅರ್ಥವಾಗದಿದ್ದರೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ ಹೇಳಲು ಹೋದಾಗ ತಡವರಿಸಿದ ಜಾಗವೇ ನಿಮಗೆ ಅರ್ಥವಾಗದ ಜಾಗ.

ಎಂಟನೇ ಹೆಜ್ಜೆ: ಒಂದು ಲಕ್ಷಣಕ್ಕೆ ಒಂದು ಪುಟ

ಪುಸ್ತಕ ಕಾಯಿಲೆಗಳ ಪ್ರಕಾರ ಜೋಡಿಸಿರುತ್ತದೆ, ರೋಗಿ ಲಕ್ಷಣದೊಂದಿಗೆ ಬರುತ್ತಾನೆ. ಈ ಅಂತರ ತುಂಬಲು ಒಂದು ನೋಟ್‌ಬುಕ್ ಇಟ್ಟು ಊತ, ಏದುಸಿರು, ಗೊಂದಲ, ಕಡಿಮೆ ಮೂತ್ರ, ಜ್ವರ, ಎದೆನೋವು ಇವುಗಳಿಗೆ ಒಂದೊಂದು ಪುಟ ಮೀಸಲಿಡಿ. ಹೊಸ ಅಧ್ಯಾಯ ಓದಿದಾಗಲೆಲ್ಲ ಆಯಾ ಪುಟಕ್ಕೆ ಒಂದು ಸಾಲು ಸೇರಲಿ.

ಊತದ ಪುಟ ವರ್ಷದ ಕೊನೆಗೆ ಹೀಗಿರಬಹುದು: ಹೃದಯ ವೈಫಲ್ಯದಲ್ಲಿ ಒತ್ತಡದಿಂದ, ಕಾಲಿನಲ್ಲಿ, ಸಂಜೆ ಹೆಚ್ಚು. ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಆಲ್ಬುಮಿನ್ ಮೂತ್ರದಲ್ಲಿ ಹೋಗುವುದು ಮುಖ್ಯ ಕಾರಣ, ಕಣ್ಣಿನ ಸುತ್ತ, ಬೆಳಗ್ಗೆ ಹೆಚ್ಚು. ಸಿರೋಸಿಸ್‌ನಲ್ಲಿ ಯಕೃತ್ತು ಆಲ್ಬುಮಿನ್ ಸಾಕಷ್ಟು ತಯಾರಿಸದೆ, ಪೋರ್ಟಲ್ ಒತ್ತಡವೂ (ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಅಭಿಧಮನಿಯ ಒತ್ತಡ) ಏರಿ, ಹೊಟ್ಟೆಯಲ್ಲಿ. ಕಂಕುಳಿನ ದುಗ್ಧಗ್ರಂಥಿ ತೆಗೆದ ನಂತರ ಆ ಒಂದು ಕೈಯಲ್ಲಿ ಮಾತ್ರ.

ಈ ಪುಟ ಆರೈಕೆಯನ್ನೇ ಬದಲಿಸುತ್ತದೆ. ಕಾಲಿನ ಅಭಿಧಮನಿಗಳ ಕವಾಟ ದುರ್ಬಲವಾಗಿ ಊದಿದ್ದರೆ ಕಾಲನ್ನು ಎತ್ತರಿಸಿ ಇಡುವುದರಿಂದ ಆರಾಮ ಸಿಗುತ್ತದೆ. ಹೃದಯ ವೈಫಲ್ಯದಲ್ಲಿ ಏದುಸಿರು ಬಿಡುತ್ತಿರುವ ರೋಗಿಯ ಕಾಲನ್ನು ಎತ್ತರಿಸಿದರೆ ಅಲ್ಲಿದ್ದ ರಕ್ತ ಎದೆಗೆ ಮರಳಿ ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಅವರನ್ನು ಬೆನ್ನಿಗೆ ಆಸರೆ ಕೊಟ್ಟು ನೇರ ಕೂರಿಸಬೇಕು. ಊತ ಒಂದೇ, ಮಾಡಬೇಕಾದ್ದು ತದ್ವಿರುದ್ಧ. ಬರಿಯ ಪಟ್ಟಿ ಕಲಿತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಒಂಬತ್ತನೇ ಹೆಜ್ಜೆ: ವಾರ್ಡಿನಿಂದ ಪುಸ್ತಕಕ್ಕೆ

ಕ್ಲಿನಿಕಲ್ ಪೋಸ್ಟಿಂಗ್ ಇರುವ ದಿನ ಒಬ್ಬ ರೋಗಿಯನ್ನು ಆರಿಸಿಕೊಳ್ಳಿ. ಚೀಟಿಯಲ್ಲಿ ವಯಸ್ಸು, ಮುಖ್ಯ ತೊಂದರೆ, ವೈಟಲ್ ಸೈನ್ಸ್, ಎರಡು ಮೂರು ಲ್ಯಾಬ್ ಅಂಕಿ, ಔಷಧಿಗಳು ಇಷ್ಟನ್ನೇ ಬರೆದುಕೊಳ್ಳಿ. ಹೆಸರು, ಹಾಸಿಗೆ ಸಂಖ್ಯೆ, ಫೋಟೊ ಬೇಡವೇ ಬೇಡ. ಅವರು ನಂಬಿ ಹೇಳಿಕೊಂಡದ್ದು ನಿಮ್ಮ ಓದಿನ ಚೀಟಿಯಿಂದ ಹೊರಬೀಳಬಾರದು.

ಆ ಸಂಜೆ ಪುಸ್ತಕ ತೆರೆದು ಪ್ರತಿ ಅಂಕಿಗೂ ಕಾರಣ ಹುಡುಕಿ. ಕೀಟೋಅಸಿಡೋಸಿಸ್ ರೋಗಿಯೆಂದುಕೊಳ್ಳಿ. ರಕ್ತದ ಪಿಎಚ್ 7.35ಕ್ಕಿಂತ ಕೆಳಗೆ, ಬೈಕಾರ್ಬನೇಟ್ 22ಕ್ಕಿಂತ ಕಡಿಮೆ, ಇಂಗಾಲದ ಡೈಆಕ್ಸೈಡ್ ಕೂಡ 35ಕ್ಕಿಂತ ಕಡಿಮೆ, ಉಸಿರಾಟ ಆಳ ಮತ್ತು ವೇಗ. ಕಾರಣ: ಇನ್ಸುಲಿನ್ ಇಲ್ಲದೆ ಕೊಬ್ಬು ಒಡೆದು ಕೀಟೋನ್ ಆಮ್ಲಗಳಾಗಿವೆ, ಬೈಕಾರ್ಬನೇಟ್ ಅವುಗಳನ್ನು ತಟಸ್ಥಗೊಳಿಸುತ್ತಾ ಖರ್ಚಾಗಿದೆ, ಉಳಿದ ಆಮ್ಲತೆಯನ್ನು ಇಳಿಸಲು ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುತ್ತಿದೆ. ಆ ಆಳವಾದ ಉಸಿರು ಶ್ವಾಸಕೋಶದ ಕಾಯಿಲೆಯದಲ್ಲ. ಬಾಯಾರಿಕೆ, ಹೆಚ್ಚು ಮೂತ್ರ, ಒಣಗಿದ ನಾಲಿಗೆ? ಮೂತ್ರದಲ್ಲಿ ಹೋಗುವ ಗ್ಲೂಕೋಸ್ ತನ್ನ ಜೊತೆ ನೀರನ್ನೂ ಎಳೆದೊಯ್ಯುತ್ತಿದೆ. ಇನ್ಸುಲಿನ್ ಡ್ರಿಪ್ ಶುರುವಾದ ಮೇಲೆ ಗಂಟೆಗಂಟೆಗೆ ಗ್ಲೂಕೋಸ್ ನೋಡುವುದು, ಆಗಾಗ ಪೊಟ್ಯಾಸಿಯಂ ಕಳಿಸುವುದು, ಮಾನಿಟರ್ ಮೇಲೆ ಕಣ್ಣಿಡುವುದು ಯಾಕೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಪುಸ್ತಕದ ರೋಗಿಗೂ ಹಾಸಿಗೆಯ ರೋಗಿಗೂ ವ್ಯತ್ಯಾಸ ಕಂಡಾಗ ಪುಸ್ತಕದ ಮಾರ್ಜಿನ್‌ನಲ್ಲಿ ಗುರುತು ಹಾಕಿ. ವಯಸ್ಸಾದವರಿಗೆ ಸೋಂಕು ತಗುಲಿದಾಗ ಜ್ವರವೇ ಬಾರದೆ ಗೊಂದಲ ಮಾತ್ರ ಕಾಣಬಹುದು. ಬೀಟಾ ಬ್ಲಾಕರ್ (ನಾಡಿಯ ವೇಗ ಇಳಿಸುವ ಔಷಧಿ) ತೆಗೆದುಕೊಳ್ಳುತ್ತಿರುವವರಲ್ಲಿ ರಕ್ತಸ್ರಾವವಾದರೂ ನಾಡಿ ನಿರೀಕ್ಷಿಸಿದಷ್ಟು ಏರದಿರಬಹುದು. ದೀರ್ಘಕಾಲದ ಮಧುಮೇಹಿಗಳಿಗೆ ಹೃದಯಾಘಾತದಲ್ಲಿ ಎದೆನೋವೇ ಇಲ್ಲದಿರಬಹುದು. ಇವು ಸರಪಳಿಯನ್ನು ಸುಳ್ಳು ಮಾಡುವುದಿಲ್ಲ. ಯಾವ ಬಾಣ ಯಾಕೆ ಕಾಣಿಸಲಿಲ್ಲ ಎಂದು ಕೇಳಿದರೆ ಅದಕ್ಕೂ ಉತ್ತರ ಸಿಗುತ್ತದೆ.

ಒಂದು ಗಡಿ ಮಾತ್ರ ದಾಟಬೇಡಿ. ಔಷಧಿಯ ಪ್ರಮಾಣಕ್ಕಾಗಲಿ, ತುರ್ತಿನಲ್ಲಿ ಯಾವುದು ಮೊದಲು ಎಂಬ ಕ್ರಮಕ್ಕಾಗಲಿ ಈ ಪುಸ್ತಕವನ್ನು ನೆಚ್ಚಬೇಡಿ. ಅದಕ್ಕೆ ನೀವು ಕೆಲಸ ಮಾಡುವ ಕಡೆಯ ಪ್ರೋಟೋಕಾಲ್ ಇದೆ, ಇತ್ತೀಚಿನ ಔಷಧ ಕೈಪಿಡಿ ಇದೆ.

ಹತ್ತನೇ ಹೆಜ್ಜೆ: ಉಳಿಸಿಕೊಳ್ಳುವುದು

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಠ್ಯವನ್ನು ಓದಿದ ಮೇಲೆ ಅದನ್ನೇ ಮತ್ತೆ ಓದುವುದು ಮತ್ತು ನೋಡದೆ ನೆನಪಿಸಿಕೊಂಡು ಬರೆಯುವುದು, ಇವೆರಡನ್ನು ಹೋಲಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು 'ಗೊತ್ತಿದೆ' ಎನ್ನಿಸಿ, ವಾರ್ಡಿಗೆ ಹೋಗುವಷ್ಟರಲ್ಲಿ ಕಾಣೆಯಾಗುವುದು ಇದರಿಂದ ಅರ್ಥವಾಗುತ್ತದೆ.

ಹಾಗಾಗಿ ಅಧ್ಯಾಯ ಮುಗಿದ ಮರುದಿನ, ನಂತರ ಮೂರನೇ ದಿನ, ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಸರಪಳಿಯನ್ನು ಖಾಲಿ ಹಾಳೆಯಲ್ಲಿ ಮತ್ತೆ ಬರೆಯಿರಿ. ಬರೆದ ಮೇಲೆಯೇ ಪುಸ್ತಕ ತೆರೆದು ಬಿಟ್ಟುಹೋದ ಬಾಣವನ್ನು ಕೆಂಪಿನಲ್ಲಿ ಸೇರಿಸಿ. ಪ್ರತಿ ಸಲವೂ ಒಂದೇ ಕಡೆ ಕೆಂಪು ಬಂದರೆ ದೋಷ ನೆನಪಿನದಲ್ಲ, ಅಲ್ಲಿ ನಿಮ್ಮ ಫಿಸಿಯಾಲಜಿಯಲ್ಲಿ ಒಂದು ತೂತು ಇದೆ. ಎರಡನೇ ಹೆಜ್ಜೆಗೆ ಮರಳಿ ಆ ಒಂದು ಭಾಗ ಓದಿಕೊಳ್ಳಿ.

ಗೆಳತಿಯೊಬ್ಬಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಸರಪಳಿ ಹೇಳಬೇಕು, ಇನ್ನೊಬ್ಬರು ಪ್ರತಿ ಬಾಣಕ್ಕೂ "ಯಾಕೆ?" ಎಂದಷ್ಟೇ ಕೇಳಬೇಕು. ಅಧ್ಯಾಯದ ಕೊನೆಯ ಪ್ರಶ್ನೆಗಳನ್ನು ಓದುವ ಮೊದಲೇ ಒಮ್ಮೆ ಬಿಡಿಸಿ ನೋಡಿ. ತಪ್ಪಾದ ಉತ್ತರಗಳು ಓದುವಾಗ ಕಣ್ಣನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸಿಕೊಡುತ್ತವೆ.

ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗದ ಪ್ರಶ್ನೆಗಳೂ ಬರುತ್ತವೆ. ಅವುಗಳನ್ನು ಲಕ್ಷಣಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಂಗ್ರಹಿಸಿ, ವಾರಕ್ಕೊಮ್ಮೆ ಲೈಬ್ರರಿಯ ದೊಡ್ಡ ಗ್ರಂಥದಲ್ಲಿ ಹುಡುಕಿ, ಅಲ್ಲೂ ಸಿಗದಿದ್ದರೆ ವಾರ್ಡಿನ ಹಿರಿಯ ಸಿಸ್ಟರ್‌ಗೋ ಪಾಠ ಮಾಡುವವರಿಗೋ ಕೇಳಿ. ಕೇಳುವಾಗ ನೀವು ಬರೆದ ಸರಪಳಿಯ ಹಾಳೆಯನ್ನು ಮುಂದಿಟ್ಟು, "ಇಲ್ಲಿಯವರೆಗೆ ಬಂದಿದ್ದೇನೆ, ಈ ಬಾಣ ತಿಳಿಯುತ್ತಿಲ್ಲ" ಎಂದು ಬೆರಳಿಟ್ಟು ತೋರಿಸಿ.